ಹಾಡು ಆರಿಸುವ ಮೊದಲು ಕೊರಳು ಕೇಳಿ

ಶಾಲೆಯ ವಾರ್ಷಿಕೋತ್ಸವ ಇರಲಿ, ಬಡಾವಣೆಯ ರಾಜ್ಯೋತ್ಸವ ಇರಲಿ, ಸಮೂಹ ಗಾಯನ ಅಂದ ಕೂಡಲೇ ಏಳುವ ಪ್ರಶ್ನೆ ‘ಯಾವ ಹಾಡು?’ ಎಂಬುದು. ಉತ್ತರವೂ ಅಷ್ಟೇ ಬೇಗ ಬರುತ್ತದೆ. ಯಾರೋ ಒಬ್ಬರು ಮೊಬೈಲ್ ತೆಗೆದು ಒಂದು ಧ್ವನಿಮುದ್ರಣ ಕೇಳಿಸುತ್ತಾರೆ, ಉಳಿದವರು ತಲೆದೂಗುತ್ತಾರೆ, ಹಾಡು ಗೊತ್ತಾಯಿತು. ಕೇಳಿದ್ದು ಸಿ. ಅಶ್ವತ್ಥ್ ಅವರ ಕೊರಳು, ಹಾಡಬೇಕಾದದ್ದು ನಮ್ಮ ಕೊರಳು. ನಡುವಿನ ಅಂತರ ತಿಳಿಯುವ ಹೊತ್ತಿಗೆ ಆಹ್ವಾನ ಪತ್ರಿಕೆ ಅಚ್ಚಾಗಿರುತ್ತದೆ.

ಗಂಡಸರು, ಹೆಂಗಸರು, ಮಕ್ಕಳು ಕೂಡಿ ಹಾಡುವ ತಂಡಗಳನ್ನು ಶಾಲೆಯಲ್ಲೂ ಬಡಾವಣೆಯಲ್ಲೂ ಬಹಳ ಕಾಲದಿಂದ ನಡೆಸಿಕೊಂಡು ಬಂದಿದ್ದೇನೆ. ಬರುವವರಲ್ಲಿ ಸಂಗೀತ ಕಲಿತವರು ಕಡಿಮೆ, ಹಾಡುವ ಆಸೆ ಇರುವವರು ಹೆಚ್ಚು. ಇಂಥ ತಂಡಕ್ಕೆ ಹಾಡು ಆರಿಸುವಾಗ ನಾನು ಪಾಲಿಸುವ ಕೆಲವು ಪಾಠಗಳು ಇಲ್ಲಿವೆ. ಎಲ್ಲದರ ಬುಡದಲ್ಲಿರುವ ಮಾತು ಒಂದೇ: ಒಳ್ಳೆಯ ಹಾಡು ಬೇರೆ, ತಂಡಕ್ಕೆ ಒದಗುವ ಹಾಡು ಬೇರೆ.

1. ಹಾಡಿನ ಪಟ್ಟಿಗಿಂತ ಮೊದಲು ಕೊರಳಿನ ಪಟ್ಟಿ

ಮೊದಲ ದಿನ ನಾನು ಹಾಡು ಕಲಿಸುವುದಿಲ್ಲ. ಹಾರ್ಮೋನಿಯಂ ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ಕರೆದು, ಬರುವ ಯಾವುದಾದರೂ ಪಲ್ಲವಿಯನ್ನು ಹಾಡಿಸುತ್ತೇನೆ. ಹಬ್ಬದ ಆರತಿ ಹಾಡಾದರೂ ಸರಿ, ಶಾಲೆಯ ಪ್ರಾರ್ಥನೆಯಾದರೂ ಸರಿ. ಶ್ರುತಿ ನಾನು ಕೊಡುವುದಿಲ್ಲ. ಅವರು ಹಿಡಿದ ಶ್ರುತಿಯನ್ನು ಹಾರ್ಮೋನಿಯಂ ಮೇಲೆ ಹುಡುಕಿಕೊಂಡು, ಅಲ್ಲಿಂದ ಅರ್ಧರ್ಧ ಮನೆ ಏರಿಸುತ್ತ, ಮತ್ತೆ ಇಳಿಸುತ್ತ ಹೋಗುತ್ತೇನೆ. ಎಲ್ಲಿ ಕತ್ತಿನ ನರ ಉಬ್ಬುತ್ತದೆ, ಎಲ್ಲಿ ದನಿ ಬರೀ ಗಾಳಿಯಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಪುಸ್ತಕದಲ್ಲಿ ಬರೆದುಕೊಳ್ಳುವುದು ಆರಾಮಾಗಿ ಹಾಡಿದ ಮೇಲಿನ ಮತ್ತು ಕೆಳಗಿನ ತುದಿ ಮಾತ್ರ. ಹೇಗೋ ಮುಟ್ಟಿದ ಸ್ವರ ಲೆಕ್ಕಕ್ಕಿಲ್ಲ. ವೇದಿಕೆಯ ಮೇಲೆ ಅದು ಕೈಕೊಡುತ್ತದೆ.

ಪಾಶ್ಚಾತ್ಯ ಕ್ವಾಯರ್‌ಗಳಲ್ಲಿ ಈ ಪಟ್ಟಿಗೆ ನಾಲ್ಕು ಅಂಕಣ: ಹೆಂಗಸರಲ್ಲಿ ಸೊಪ್ರಾನೊ, ಆಲ್ಟೊ, ಗಂಡಸರಲ್ಲಿ ಟೆನರ್, ಬಾಸ್. ನನ್ನ ಪುಸ್ತಕದಲ್ಲಿ ಎರಡು ತುದಿಯ ಅಂಕಣಗಳು ಸಾಮಾನ್ಯವಾಗಿ ಖಾಲಿ. ಐದು ಮನೆ, ಐದೂವರೆ ಮನೆಯ ಶ್ರುತಿಯಲ್ಲಿ ಹಾಡಿ ರೂಢಿಯಾದ ನಮ್ಮ ಹೆಂಗಸರಲ್ಲಿ ಬಹುಪಾಲು ಆಲ್ಟೊ ಕಡೆಯವರು. ಗಂಡಸರಲ್ಲಿ ಹೆಚ್ಚಿನವರು ಟೆನರ್ ಮತ್ತು ಬಾಸ್‌ಗಳ ನಡುವೆ ನಿಲ್ಲುವವರು. ಹಾಗಾಗಿ ನಾಲ್ಕು ದನಿಗೆ ಬರೆದ ವಿದೇಶಿ ಕೃತಿಯನ್ನು ಹಾಗೇ ತಂದು ಹಾಡಿಸಹೊರಟರೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಜನ ಸಾಲದು. ಹೆಂಗಸರಿಗೆ ಎರಡು ಸಾಲು, ಗಂಡಸರಿಗೆ ಒಂದು ಸಾಲು ಇರುವ ಮೂರು ದನಿಯ ರಚನೆ ನಮ್ಮ ಸ್ಥಿತಿಗೆ ಹೆಚ್ಚು ಒಗ್ಗುತ್ತದೆ.

2. ಹಾಡಿನ ಉದ್ದ ಎಲ್ಲರೂ ನೋಡುತ್ತಾರೆ, ಎತ್ತರ ಅಳೆಯಿರಿ

ಗಂಡಸರ ಶ್ರುತಿ ಒಂದು ಮನೆಯ ಆಸುಪಾಸು, ಹೆಂಗಸರದು ಐದು ಮನೆಯ ಆಸುಪಾಸು. ಮಿಶ್ರ ತಂಡದ ಮುಕ್ಕಾಲು ಪಾಲು ತಲೆನೋವು ಇಲ್ಲಿಯೇ ಇದೆ. ಹೆಂಗಸರ ಶ್ರುತಿಗೆ ಹಾಡಿದರೆ ಗಂಡಸರು ತಾರಸ್ಥಾಯಿಯಲ್ಲಿ ಕಿರುಚಬೇಕು, ಇಲ್ಲವೇ ಮಂದ್ರದಲ್ಲಿ ಮುಳುಗಬೇಕು. ಗಂಡಸರ ಶ್ರುತಿಗೆ ಹಾಡಿದರೆ ಹೆಂಗಸರಿಗೆ ಅದೇ ಪಾಡು.

ಪರಿಹಾರ ಶ್ರುತಿಪೆಟ್ಟಿಗೆಯಲ್ಲಿಲ್ಲ, ಹಾಡಿನ ಆಯ್ಕೆಯಲ್ಲಿದೆ. ಹಾರ್ಮೋನಿಯಂನಲ್ಲಿ ಬಿಳಿ ಆರರಿಂದ ಹೊರಟು, ಮುಂದಿನ ಸ್ಥಾಯಿಯ ಬಿಳಿ ಒಂದನ್ನೂ ಎರಡನ್ನೂ ದಾಟಿ, ಅದರ ಮೇಲಿನ ಸ್ಥಾಯಿಯ ಬಿಳಿ ಎರಡರವರೆಗೆ ಹನ್ನೊಂದು ಬಿಳಿ ಮನೆಗಳನ್ನು ಎಣಿಸಿ. ಪಾಶ್ಚಾತ್ಯ ಲೆಕ್ಕದಲ್ಲಿ ‘ಎ’ಯಿಂದ ಮೇಲಿನ ‘ಡಿ’ವರೆಗೆ. ತರಬೇತಿಯಿಲ್ಲದ ಹೆಂಗಸರೂ, ಒಂದು ಸ್ಥಾಯಿ ಕೆಳಗೆ ಗಂಡಸರೂ, ಒಟ್ಟಿಗೆ ನೆಮ್ಮದಿಯಿಂದ ಓಡಾಡುವ ಅಂಗಳ ಇಷ್ಟೇ. ಹಾಡು ಇದರೊಳಗೆ ಹಿಡಿಸಬೇಕು.

ಹೇಗೆ ಹಿಡಿಸುವುದು? ಹಾಡು ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಹೋಗುತ್ತದೆ ಅನ್ನಿ. ಆಗ ಎರಡು ಮನೆಯ ಶ್ರುತಿ ಇಟ್ಟರೆ ಸರಿಯಾಗಿ ಕೂರುತ್ತದೆ. ಮಧ್ಯ ಷಡ್ಜಕ್ಕಿಂತ ಕೆಳಗಿಳಿಯದೆ ತಾರ ಮಧ್ಯಮದವರೆಗೆ ಏರುವ ಹಾಡಾದರೆ ಆರು ಮನೆಯ ಶ್ರುತಿ. ಬರೀ ಒಂದು ಸ್ಥಾಯಿಯೊಳಗೆ ಮುಗಿಯುವ ಹಾಡಾದರೆ ಒಂದು ಮನೆಗೆ ಹಾಡಿ, ಇಕ್ಕಡೆಯೂ ಜಾಗ ಉಳಿಯುತ್ತದೆ. ಮಂದ್ರ ಪಂಚಮಕ್ಕೂ ಇಳಿದು ತಾರ ಪಂಚಮಕ್ಕೂ ಏರುವ ಹಾಡು ಯಾವ ಶ್ರುತಿಗೂ ಬಗ್ಗುವುದಿಲ್ಲ. ಅಂಥದ್ದು ಬೇಕೇ ಬೇಕೆಂದರೆ ಏರುವ ಚರಣವನ್ನು ಒಬ್ಬರಿಗೆ ಬಿಟ್ಟು, ಪಲ್ಲವಿಯನ್ನು ಮಾತ್ರ ತಂಡಕ್ಕೆ ಕೊಡಿ.

3. ಕೊರಳು ಒಡೆದ ಹುಡುಗರಿಗೆ ಜಾಗ ಇರಲಿ

ಎಂಟು, ಒಂಬತ್ತನೇ ತರಗತಿಯ ಹುಡುಗರನ್ನು ‘ಕೊರಳು ಒಡೆದಿದೆ, ಮುಂದಿನ ವರ್ಷ ಬಾ’ ಎಂದು ಕಳಿಸುವುದು ನಮ್ಮ ಶಾಲೆಗಳ ರೂಢಿ. ಕಳಿಸಿದವರು ಮುಂದಿನ ವರ್ಷ ಬರುವುದಿಲ್ಲ. ದೊಡ್ಡವರ ತಂಡಗಳಲ್ಲಿ ಗಂಡು ದನಿ ಯಾಕೆ ಕಡಿಮೆ ಎಂದು ಕೇಳುವವರು ಈ ವಯಸ್ಸಿನತ್ತ ನೋಡಬೇಕು.

ಹುಡುಗರಲ್ಲಿ ಸಾಮಾನ್ಯವಾಗಿ 12ರಿಂದ 14ರ ವಯಸ್ಸಿನಲ್ಲಿ ಗಂಟಲ ಗೂಡು ದೊಡ್ಡದಾಗಿ, ಸ್ವರತಂತುಗಳು ಉದ್ದವಾಗಿ ದಪ್ಪಗಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಇಳಿಯುವ ನಡುಗಾಲದಲ್ಲಿ ಹಿಡಿತಕ್ಕೆ ಸಿಗುವುದು ಐದಾರು ಸ್ವರ ಮಾತ್ರ, ಅದೂ ತಿಂಗಳಿಂದ ತಿಂಗಳಿಗೆ ಜಾಗ ಬದಲಿಸುತ್ತದೆ. ಹಾಗೆಂದು ಹಾಡು ನಿಲ್ಲಿಸಬೇಕಾಗಿಲ್ಲ. ಆ ಐದಾರು ಸ್ವರದಲ್ಲಿ ಮಾಡಬಹುದಾದ ಕೆಲಸ ಕೊಟ್ಟರೆ ಆಯಿತು.

ಒಮ್ಮೆ ತಾಲೀಮಿನಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಪಲ್ಲವಿಯಲ್ಲಿ ತುಟಿ ಆಡಿಸುತ್ತ ನಿಂತಿದ್ದ, ದನಿ ಇರಲಿಲ್ಲ. ಪಕ್ಕದವರು ನಕ್ಕಾರೆಂಬ ಅಂಜಿಕೆ. ಅವನನ್ನೂ ಅದೇ ವಯಸ್ಸಿನ ಇನ್ನಿಬ್ಬರನ್ನೂ ಹಿಂದಿನ ಸಾಲಿಗೆ ಕರೆದು, ಹಾಡು ಬಿಡಿ, ಬರೀ ‘ಸಾ’ ಹಿಡಿಯಿರಿ, ನಾಲ್ಕನೇ ಸಾಲಿಗೆ ಮಾತ್ರ ಕೆಳಗಿನ ‘ಪಾ’ಗೆ ಬನ್ನಿ, ಮತ್ತೆ ‘ಸಾ’ ಎಂದೆ. ಒಬ್ಬನಿಗೆ ‘ಪಾ’ ಸಿಗಲಿಲ್ಲ, ಅವನು ‘ಸಾ’ ಒಂದನ್ನೇ ಹಿಡಿದ. ಮುಂದಿನ ಸಾಲಿನ ಹುಡುಗಿಯರು ಹಾಡು ನಿಲ್ಲಿಸಿ ಹಿಂದೆ ತಿರುಗಿ ನೋಡಿದರು. ಹಾಡಿಗೆ ಅಡಿಪಾಯ ಬಂದಿತ್ತು. ಆಮೇಲೆ ಆ ಮೂವರ ಹಾಜರಿ ತಪ್ಪಲಿಲ್ಲ.

ಹಾಡು ಆರಿಸುವಾಗಲೇ ಕೇಳಿಕೊಳ್ಳಬೇಕು: ಇದರ ಕೆಳಗೆ ಷಡ್ಜ-ಪಂಚಮ ಹಿಡಿದು ನಿಲ್ಲಲು ಅವಕಾಶ ಇದೆಯೇ? ಇದ್ದರೆ ಈ ಹುಡುಗರಿಗೆ ಅದರಲ್ಲಿ ಪಾಲಿದೆ.

4. ಅಲಂಕಾರ ಕಳಚಿದ ಮೇಲೂ ಹಾಡು ಉಳಿಯುತ್ತದೆಯೇ?

ನಮ್ಮ ಸುಗಮ ಸಂಗೀತ ಒಂಟಿ ಕೊರಳಿನಲ್ಲಿ ಬೆಳೆದ ಕಲೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಇವರೆಲ್ಲ ಕವಿತೆಯ ಭಾವವನ್ನು ಒಂದು ಎಳೆತದಲ್ಲಿ, ಒಂದು ಬಿರುಕಿನಲ್ಲಿ ತಂದವರು. ಆ ಎಳೆತವನ್ನು ನಲವತ್ತು ಜನ ಒಟ್ಟಿಗೆ ಎಳೆದರೆ ನಲವತ್ತು ಬೇರೆ ಬೇರೆ ಎಳೆತಗಳಾಗುತ್ತವೆ. ವಚನಗಳ ಕಷ್ಟ ಇನ್ನೂ ಒಂದು ಕೈ ಮೇಲು. ವಚನಕ್ಕೆ ಮಾತ್ರೆಯ ಲೆಕ್ಕವಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಹಾಡಿದಂತೆ ಹಾಡಲು ಒಬ್ಬನೇ ಗಾಯಕನ ಉಸಿರು, ಒಬ್ಬನದೇ ತೀರ್ಮಾನ ಬೇಕು.

ನನ್ನ ಪರೀಕ್ಷೆ ಸರಳ. ಹಾಡಿನ ಸಂಗತಿ, ಗಮಕ, ಬಿರ್ಕಾ ಎಲ್ಲ ತೆಗೆದು, ಒಂದು ಅಕ್ಷರಕ್ಕೆ ಒಂದೋ ಎರಡೋ ಸ್ವರ ಇಟ್ಟು ಹಾಡಿ ನೋಡುತ್ತೇನೆ. ಆಗಲೂ ರಾಗದ ಗುರುತು ಸಿಕ್ಕಿ, ಬಾಯಲ್ಲಿ ಗುನುಗುವಂತಿದ್ದರೆ ಅದು ತಂಡದ ಹಾಡು. ತೋಡಿಯಂಥ ರಾಗ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ, ಗಮಕವೇ ಅದರ ಜೀವ. ಮೋಹನ, ಶಂಕರಾಭರಣ, ಹಂಸಧ್ವನಿ ಉಳಿಯುತ್ತವೆ.

ಕುವೆಂಪು ಅವರ ನಾಡಗೀತೆ ಒಳ್ಳೆಯ ಉದಾಹರಣೆ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ನಿಗದಿ ಮಾಡಿ, ಆಲಾಪವಿಲ್ಲದೆ, ಸಾಲುಗಳನ್ನು ಮರುಕಳಿಸದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದಿತು. ಅದನ್ನು ಕಚೇರಿಯ ಹಾಡಿನಂತೆ ಎಳೆದು ಅಭ್ಯಾಸವಾದವರಿಗೆ ಈ ಕಟ್ಟುಪಾಡು ಇಕ್ಕಟ್ಟು ಅನ್ನಿಸಿರಬಹುದು. ಶಾಲೆಯ ಅಂಗಳದಲ್ಲಿ ನಿಂತು ಹಾಡುವ ಮಕ್ಕಳಿಗೆ ಅದರಿಂದ ಉಪಕಾರವೇ ಆಯಿತು.

5. ಸೊಲ್ಲು ಇರುವ ಹಾಡು ಹುಡುಕಿ

ಸಮೂಹ ಗಾಯನ ಹೊರಗಿನಿಂದ ಬಂದದ್ದೆಂದು ತಿಳಿದವರು ಒಂದು ಮದುವೆಮನೆಯ ಸೋಬಾನೆ ಕೇಳಬೇಕು. ಒಬ್ಬಾಕೆ ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಗೀಗೀ ಪದದಲ್ಲಿ, ಕೋಲಾಟದಲ್ಲಿ, ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರಲ್ಲಿ ಇದೇ ಕ್ರಮ. ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳ ಕಥೆಯನ್ನು ಹೊರುತ್ತದೆ.

ಹೊಸ ತಂಡಕ್ಕೆ ನಾನು ಮೊದಲು ಕೊಡುವುದು ಇಂಥ ಹಾಡನ್ನೇ. ಸೊಲ್ಲು ಒಂದೇ ಸಾಲು, ಐದು ನಿಮಿಷದಲ್ಲಿ ಬಾಯಿಗೆ ಬರುತ್ತದೆ. ಓದು ಬಾರದ ಅಜ್ಜಿಯೂ ಒಂದನೇ ತರಗತಿಯ ಮಗುವೂ ಅದೇ ಸಾಲಿನಲ್ಲಿ ನಿಲ್ಲಬಹುದು. ಚೆನ್ನಾಗಿ ಹಾಡುವ ಇಬ್ಬರು ಮೂವರಿಗೆ ಮುಂದಾಳಿನ ಸಾಲುಗಳು ಸಿಗುತ್ತವೆ, ಅವರಿಗೂ ಬೇಜಾರಿಲ್ಲ. ಮೇಲಾಗಿ, ಮುಂದಾಳು ಹಾಡುವಾಗ ತಂಡಕ್ಕೆ ಉಸಿರು ಎಳೆದುಕೊಳ್ಳಲು ಹೊತ್ತು ಸಿಗುತ್ತದೆ.

6. ಹಾರ್ಮನಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ

ಬೇರೆ ಬೇರೆ ದನಿಗಳು ಬೇರೆ ಬೇರೆ ಸಾಲು ಹಾಡುವುದು ಕನ್ನಡಕ್ಕೆ ತೀರ ಹೊಸತೇನಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಪರಂಪರೆಯ ಚರ್ಚುಗಳಲ್ಲಿ ಯುರೋಪಿನ ಧಾಟಿಗಳಿಗೆ ಕನ್ನಡ ಮಾತು ಕೂಡಿಸಿ ನಾಲ್ಕು ದನಿಯಲ್ಲಿ ಹಾಡುವ ರೂಢಿ ಇದೆ. ಅತ್ತ ಮದ್ರಾಸಿನಲ್ಲಿ ಎಂ.ಬಿ. ಶ್ರೀನಿವಾಸನ್ ಮದ್ರಾಸ್ ಯೂತ್ ಕ್ವಾಯರ್ ಕಟ್ಟಿ, ಭಾರತೀಯ ಭಾಷೆಗಳ ಹಾಡುಗಳನ್ನೇ ಹಲವು ದನಿಗೆ ಹೊಂದಿಸಿದರು. ಕಲ್ಕತ್ತದಲ್ಲಿ ಸಲಿಲ್ ಚೌಧುರಿ ಅದೇ ದಾರಿಯಲ್ಲಿ ನಡೆದವರು.

ಆದರೆ ಒಂದೇ ಜಿಗಿತಕ್ಕೆ ನಾಲ್ಕು ದನಿಗೆ ಹೋಗಬಾರದು. ಮೊದಲ ಮೆಟ್ಟಿಲು ಎಲ್ಲರೂ ಒಂದೇ ಸ್ವರ. ಎರಡನೆಯದು, ಆಗಲೇ ಹೇಳಿದ ಷಡ್ಜ-ಪಂಚಮದ ಆಧಾರ. ಮೂರನೆಯದು ರೌಂಡ್: ಒಂದು ಗುಂಪು ಹಾಡು ಶುರು ಮಾಡುತ್ತದೆ, ಒಂದು ಸಾಲು ಮುಗಿದ ಮೇಲೆ ಇನ್ನೊಂದು ಗುಂಪು ಅದೇ ಹಾಡನ್ನು ಮೊದಲಿನಿಂದ ಎತ್ತುತ್ತದೆ. ಇದಕ್ಕೆ ಮೋಹನ ಅಥವಾ ಶುದ್ಧ ಸಾವೇರಿಯ ಹಾಡು ಆರಿಸಿ. ಈ ರಾಗಗಳ ಐದು ಸ್ವರಗಳಲ್ಲಿ ಅಕ್ಕಪಕ್ಕದ ಅರ್ಧಸ್ವರಗಳೇ ಇಲ್ಲ, ಹಾಗಾಗಿ ಯಾವ ಸ್ವರ ಯಾವುದರ ಮೇಲೆ ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ. ಹಂಸಧ್ವನಿಯೂ ಐದು ಸ್ವರದ ರಾಗವೇ. ಆದರೆ ಅದರ ನಿಷಾದ ಷಡ್ಜಕ್ಕೆ ಅಂಟಿಕೊಂಡಿದೆ, ಎರಡೂ ಒಟ್ಟಿಗೆ ಬಂದಾಗ ಜಗಳ ಕೇಳುತ್ತದೆ.

ನಾಲ್ಕನೇ ಮೆಟ್ಟಿಲಿಗೆ, ಅಂದರೆ ನಿಜವಾದ ಎರಡು ಮೂರು ಸಾಲಿನ ಹಾಡಿಗೆ, ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಒಳ್ಳೆಯ ಸಾಮಗ್ರಿ. ಬ್ರಿಟಿಷ್ ಬ್ಯಾಂಡ್‌ಗಳಿಂದ ಕೇಳಿದ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕಟ್ಟಿದರು. ‘ಸಂತತಂ ಪಾಹಿಮಾಂ’ ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯಲ್ಲಿದೆ. ಶಂಕರಾಭರಣದ ಸ್ವರಗಳು, ಗಮಕವಿಲ್ಲ, ಚಿಕ್ಕ ಹಾಡುಗಳು. ಹುಟ್ಟಿನಿಂದಲೇ ಹಾರ್ಮನಿಗೆ ಒಗ್ಗುವ ಧಾಟಿಗಳು.

ಸ್ಟಾಫ್ ನೊಟೇಶನ್ ಬಾರದೆಂದು ಹಿಂಜರಿಯಬೇಡಿ. ಈಶಾನ್ಯದ ಚರ್ಚುಗಳಲ್ಲಿ ಟಾನಿಕ್ ಸೋಲ್-ಫಾ ಅಕ್ಷರಗಳನ್ನೇ ನೋಡಿಕೊಂಡು ನಾಲ್ಕು ದನಿಯ ಹಾಡು ಹಾಡುತ್ತಾರೆ. ನಮ್ಮ ಸರಿಗಮವೂ ಅದೇ ಕೆಲಸ ಮಾಡುತ್ತದೆ. ಮೂರು ಸಾಲಿಗೆ ಮೂರು ಬಣ್ಣದ ಶಾಯಿಯಲ್ಲಿ ಸ್ವರ ಬರೆದು ಕೊಟ್ಟರೆ ಸಾಕು.

7. ಮಾತನ್ನು ಬಾಯಿಂದ ಓದಿ ನೋಡಿ

ಧಾಟಿ ಚೆನ್ನಾಗಿದ್ದೂ ಮಾತು ಕೂರದ ಹಾಡುಗಳುಂಟು. ಹ್ರಸ್ವ ಅಕ್ಷರದ ಮೇಲೆ ಧಾಟಿ ಎಳೆದರೆ ಒಬ್ಬ ಗಾಯಕ ಅದನ್ನು ಜಾಣ್ಮೆಯಿಂದ ಮುಚ್ಚಿಕೊಳ್ಳುತ್ತಾನೆ, ತಂಡಕ್ಕೆ ಅದು ಬರುವುದಿಲ್ಲ. ‘ಕೊಡು’ ಎಂದು ದೇವರನ್ನು ಬೇಡುವ ಕಡೆ ನಲವತ್ತು ಜನ ‘ಕೋಡು’ ಎಂದು ಹಾಡಿದರೆ ಕೇಳುವವರು ನಗುತ್ತಾರೆ. ಒತ್ತಕ್ಷರಗಳು ಸಾಲುಸಾಲಾಗಿ ಬರುವ ಪದ್ಯವನ್ನು ದ್ರುತದಲ್ಲಿ ಇಡಬೇಡಿ. ಸಭಾಂಗಣದ ಹಿಂದಿನ ಸಾಲಿಗೆ ಒಂದು ಅಕ್ಷರವೂ ತಲುಪುವುದಿಲ್ಲ.

ಛಂದಸ್ಸು ಹಾಡಿನ ತಾಳವನ್ನು ತಾನೇ ಹೇಳುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕು ಮಾತ್ರೆಯಲ್ಲಿ ನಡೆಯುತ್ತದೆ. ಏಳರ ಎಣಿಕೆಯನ್ನು ಮಕ್ಕಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ದಾರಿ ಕಾಣೆ. ಮಿಶ್ರಛಾಪು ಎಂಬ ಹೆಸರು ಆಮೇಲೆ ಹೇಳಿದರಾಯಿತು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಬೆಳೆಯುತ್ತಿರುವ ಕನ್ನಡ ಮಕ್ಕಳಿಗೆ ರೋಮನ್ ಲಿಪಿಯಲ್ಲಿ ಬರೆದುಕೊಡುವವರು ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ಗಳಿಗೆ ಬೇರೆ ಗುರುತು ಹಾಕಿಕೊಡಿ, ಇಲ್ಲದಿದ್ದರೆ ಎಲ್ಲ ಒಂದೇ ಆಗಿಬಿಡುತ್ತದೆ.

8. ಕಾರ್ಯಕ್ರಮಕ್ಕೆ ನಾಲ್ಕು ಹಾಡು, ಅದರಲ್ಲಿ ಕಷ್ಟದ್ದು ಒಂದೇ

ಇಪ್ಪತ್ತು ನಿಮಿಷ ಸಿಕ್ಕರೆ ನಾಲ್ಕು ಹಾಡು ಧಾರಾಳ. ಒಂದು ಎಲ್ಲರಿಗೂ ಗೊತ್ತಿರುವುದು, ಕೊರಳು ಬೆಚ್ಚಗಾಗಲು. ಎರಡು ತಂಡದ ಅಳವಿಗೆ ಸರಿಯಾದವು. ಒಂದು ಮಾತ್ರ ಅಳವನ್ನು ಸ್ವಲ್ಪ ಮೀರಿದ್ದು, ಅದನ್ನು ಎರಡನೆಯದಾಗಿ ಅಥವಾ ಮೂರನೆಯದಾಗಿ ಇಡಿ. ಕೊನೆಗೆ ಸಭಿಕರೂ ಸೊಲ್ಲು ಹಿಡಿಯಬಹುದಾದ ಹಾಡಿರಲಿ. ನಾಲ್ಕೂ ಒಂದೇ ಶ್ರುತಿ, ಒಂದೇ ನಡೆಯಲ್ಲಿದ್ದರೆ ಎಷ್ಟು ಚೆನ್ನಾಗಿ ಹಾಡಿದರೂ ಕೇಳುವವರು ಮೂರನೆಯದಕ್ಕೆ ಆಕಳಿಸುತ್ತಾರೆ.

ಸ್ಪರ್ಧೆಯ ಹಾಡಿನ ಬಗ್ಗೆ ಒಂದು ಮಾತು. ಬಹುಮಾನಕ್ಕಾಗಿ ಒಂದೇ ಹಾಡನ್ನು ಇಡೀ ವರ್ಷ ತಿಕ್ಕಿಸುವುದು ಮಕ್ಕಳ ಸಂಗೀತಕ್ಕೆ ಒಳ್ಳೆಯದಲ್ಲ. ಬಹುಮಾನ ಬರಬಹುದು, ಆ ಹಾಡಿನ ಮೇಲಿನ ಆಸೆ ಹೋಗಿರುತ್ತದೆ.

9. ಕವಿಯ ಹಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಹಕ್ಕು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕವಿತೆಗಳು ಈಗ ಎಲ್ಲರವು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅವರ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಧಾಟಿಗೆ ಬೇರೆಯೇ ಹಕ್ಕು ಉಂಟು: ದಾಸರ ಪದ ಹಳೆಯದಾದರೂ ಅದಕ್ಕೆ ಇತ್ತೀಚೆಗೆ ಹಾಕಿದ ಧಾಟಿ ಆ ಸಂಯೋಜಕರದು.

ಶಾಲೆಯೊಳಗೆ ಅಧ್ಯಾಪಕರು, ಮಕ್ಕಳು, ಪೋಷಕರ ಮುಂದೆ ಹಾಡಲು ಕಾಯ್ದೆಯಲ್ಲೇ ವಿನಾಯಿತಿ ಇದೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿದರೂ ವಿನಾಯಿತಿ ಉಂಟು. ಟಿಕೆಟ್ ಇಟ್ಟರೆ, ಯೂಟ್ಯೂಬಿಗೆ ಏರಿಸಿದರೆ ಮಾತು ಬೇರೆ, ಅನುಮತಿ ಕೇಳಬೇಕು. ಕೇಳಲು ಒಂದು ಪತ್ರ ಸಾಕು. ಅನುಮತಿ ಇರಲಿ ಬಿಡಲಿ, ಕವಿಯ ಹೆಸರನ್ನೂ ಸಂಯೋಜಕರ ಹೆಸರನ್ನೂ ವೇದಿಕೆಯಲ್ಲಿ ಹೇಳದೆ ಹಾಡು ಶುರು ಮಾಡಬೇಡಿ.

10. ಯಾರನ್ನೂ ಸುಮ್ಮನೆ ಕೂರಿಸುವ ಹಾಡು ಬೇಡ

ಬಡಾವಣೆಯ ತಂಡದಲ್ಲಿ ಎಲ್ಲ ಮತದವರೂ ಇರುತ್ತಾರೆ. ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು ಇರುವವರೂ ಇರುತ್ತಾರೆ. ಹಾಡಿನ ಪಟ್ಟಿ ನೋಡಿದಾಗ ಇದು ಇಂಥವರ ತಂಡ ಎಂದು ಯಾರಿಗೂ ಅನ್ನಿಸಬಾರದು. ಭಕ್ತಿಗೀತೆ ಬೇಡವೆಂದಲ್ಲ. ಒಂದು ದಾಸರ ಪದ ಇದ್ದರೆ ಒಂದು ಶರೀಫರ ಪದವೂ ಇರಲಿ, ಒಂದು ಮಳೆಯ ಹಾಡೂ ಒಂದು ಸುಗ್ಗಿಯ ಹಾಡೂ ಇರಲಿ. ತಂಡದ ಒಬ್ಬರ ಮನೆಮಾತಿನ ಹಾಡನ್ನು ಅವರಿಂದಲೇ ಕಲಿತು ಹಾಡಿದರೆ, ಎಂದೂ ಹಿಂದಿನ ಸಾಲು ಬಿಟ್ಟು ಬಾರದವರು ಅಂದು ಮುಂದೆ ಬಂದು ಕಲಿಸುತ್ತಾರೆ.

ಇಷ್ಟೆಲ್ಲ ನೋಡಿ ಹಾಡು ಆರಿಸುವ ವ್ಯವಧಾನ ಎಲ್ಲಿದೆ ಎಂದು ಕೇಳಬಹುದು. ತಪ್ಪು ಹಾಡನ್ನು ತಿದ್ದುವುದರಲ್ಲಿ ಹೋಗುವ ತಾಲೀಮುಗಳ ಅರ್ಧ ಹೊತ್ತೂ ಇದಕ್ಕೆ ಬೇಡ. ಈ ಸಲ ನವೆಂಬರಿಗೆ ತಂಡ ಕಟ್ಟುವವರು ಮೊಬೈಲ್ ಬದಿಗಿಟ್ಟು, ಮೊದಲ ದಿನ ಒಂದು ಹಾರ್ಮೋನಿಯಂ ಮತ್ತು ಒಂದು ನೋಟ್‌ಬುಕ್ ಮಾತ್ರ ಹಿಡಿದುಕೊಂಡು ಹೋಗಿ. ಪ್ರತಿಯೊಬ್ಬರ ಕೊರಳನ್ನೂ ಕೇಳಿ, ಹಾಡನ್ನು ಎರಡನೇ ದಿನ ಆರಿಸಿ.